ಸ್ಲ್ಯಾಕ್‌ವೇರ್ ಕಷ್ಟ ಅನ್ನೋರಿಗೆ

"ಇನ್ನೂ ಸ್ಲ್ಯಾಕ್‌ವೇರಾ? ಅದರ ಪ್ಯಾಕೇಜ್ ಮ್ಯಾನೇಜರ್‌ಗೆ ಡಿಪೆಂಡೆನ್ಸಿ ನೋಡ್ಕೊಳ್ಳೋಕೂ ಬರಲ್ವಲ್ಲ ಮಾರಾಯ!" ಅಂತ ಗೆಳೆಯರು ನಗ್ತಾರೆ. ನಿಜ, ಬರಲ್ಲ. ಹೊಸದೇನಾದ್ರೂ ಹಾಕ್ಬೇಕಂದ್ರೆ ಅದಕ್ಕೆ ಬೇಕಾದ ಲೈಬ್ರರಿಗಳನ್ನ ನಾನೇ ಹುಡುಕಬೇಕು. ಎಷ್ಟೋ ಭಾನುವಾರ ಅದರಲ್ಲೇ ಕಳೆದಿವೆ. ಆದ್ರೆ ನನ್ನ ಮಷೀನಿನಲ್ಲಿ ಏನಿದೆ, ಯಾಕಿದೆ ಅಂತ ನನಗೆ ಗೊತ್ತು. ನಿಮಗೆ?

1993ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಶುರು ಮಾಡಿದ ಈ ಡಿಸ್ಟ್ರೋ, 2022ರ 15.0 ಆವೃತ್ತಿಯಲ್ಲೂ ಸಿಸ್ಟಮ್‌ಡಿಗೆ ಜಾಗ ಕೊಡಲಿಲ್ಲ. ಬೂಟ್ ಆಗುವಾಗ ಓಡೋದು ಆರ್‌ಸಿ.ಡಿ ಫೋಲ್ಡರಿನ ಶೆಲ್ ಸ್ಕ್ರಿಪ್ಟುಗಳು. ಬ್ಲೂಟೂತ್ ಬೇಡ್ವಾ? ಆ ಸ್ಕ್ರಿಪ್ಟಿನ ಎಕ್ಸಿಕ್ಯೂಟ್ ಪರ್ಮಿಶನ್ ತೆಗೆದರಾಯ್ತು, ಅಷ್ಟೇ.

ಸುಲಭ ಅಂದ್ರೆ ಬಟನ್ ಒತ್ತೋದು ಅಂತ ಇಂಜಿನಿಯರುಗಳಾದ ನಾವೇ ನಂಬಿಬಿಟ್ಟಿದ್ದೀವಲ್ಲ, ಬೇಜಾರು ಅದಕ್ಕೆ. ಕೆಟ್ಟಾಗ ಬಿಚ್ಚಿ ಓದೋಕಾಗುತ್ತಲ್ಲ, ಅದಕ್ಕೆ ನಾನು ಸುಲಭ ಅಂತೀನಿ.