ಮನೆಮಾತಿಗೆ ಬೀಗ ಬೇಡ

ನಮ್ಮ ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಒಂದು ತಾಸು ಸುತ್ತಾಡಿದರೆ ಮೂರು ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ತಾಂಡಾದಿಂದ ಬಂದ ಹೆಣ್ಣುಮಗಳು ತನ್ನವರೊಡನೆ ಲಂಬಾಣಿಯಲ್ಲಿ ಮಾತಾಡುತ್ತಲೇ ಅಂಗಡಿಕಾರನೊಡನೆ ಕನ್ನಡದಲ್ಲಿ ಚೌಕಾಸಿಗೆ ಇಳಿಯುತ್ತಾಳೆ. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ ಎಂಬವರಿದ್ದಾರೆ. ಈ ಸೀಮೆ 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದುದರಿಂದ ತೆಲುಗಿನ ನಂಟೂ ಹಳೆಯದೇ. ಇವರಲ್ಲಿ ಯಾರಿಗೂ ಎರಡು ಭಾಷೆಯಿಂದ ತಲೆ ಕೆಟ್ಟದ್ದನ್ನು ಕಂಡವರಿಲ್ಲ.

ಆದರೆ ಇಂಥ ಊರುಗಳಿಂದಲೇ ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋಗಿ ನೆಲೆಸಿದವರ ಮನೆಗಳಲ್ಲಿ ಬೇರೆಯೇ ಅಂಜಿಕೆ. ಮಗು ಶಾಲೆಗೆ ಸೇರಿದ ಹೊಸತರಲ್ಲಿ ಕೆಲವು ತಿಂಗಳು ಮೌನವಾಗಿರುತ್ತದೆ. ಹೊಸ ಭಾಷೆಯನ್ನು ಕೇಳಿಸಿಕೊಳ್ಳುವ ಕಾಲ ಅದು. ಅಷ್ಟರಲ್ಲಿ ಯಾರೋ ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಎಂದು ಬುದ್ಧಿ ಹೇಳುತ್ತಾರೆ. ತಂದೆತಾಯಿ ಕನ್ನಡ ನಿಲ್ಲಿಸುತ್ತಾರೆ. ಈ ಬುದ್ಧಿಮಾತು ಈಗ ನಮ್ಮ ತಾಲ್ಲೂಕು ಕೇಂದ್ರಗಳ ಪಾಲಕರ ಸಭೆಗಳಲ್ಲೂ ಕೇಳಿಬರುತ್ತಿದೆ.

ಈ ನಂಬಿಕೆಗೆ ಒಂದು ಚರಿತ್ರೆ ಇದೆ. 1920ರ ದಶಕದಲ್ಲಿ ವೇಲ್ಸ್, ಅಮೆರಿಕಗಳಲ್ಲಿ ನಡೆದ ಕೆಲವು ಬುದ್ಧಿ ಪರೀಕ್ಷೆಗಳಲ್ಲಿ ಎರಡು ಭಾಷೆಯ ಮಕ್ಕಳು ಹಿಂದುಳಿದಂತೆ ಕಂಡರು. ಆದರೆ ಅಂದಿನ ಎಷ್ಟೋ ಪರೀಕ್ಷೆಗಳು ಬಡವರ ಮಕ್ಕಳನ್ನು ಉಳ್ಳವರ ಮಕ್ಕಳೊಡನೆ ಹೋಲಿಸಿದ್ದವು. ಮಗುವಿಗೆ ಸರಿಯಾಗಿ ಬಾರದ ಭಾಷೆಯಲ್ಲೇ ಪ್ರಶ್ನೆ ಕೇಳಿದ್ದವು. ಒಂದು ಸಸಿಯನ್ನು ಬಿಸಿಲಲ್ಲಿಟ್ಟು, ಇನ್ನೊಂದನ್ನು ನೆರಳಲ್ಲಿಟ್ಟು, ವ್ಯತ್ಯಾಸಕ್ಕೆ ಗೊಬ್ಬರವೇ ಕಾರಣ ಎಂದರೆ ಎಂಟನೆಯ ತರಗತಿಯ ಹುಡುಗನೂ ಒಪ್ಪುವುದಿಲ್ಲ. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಒಂದೇ ಆರ್ಥಿಕ ಮಟ್ಟದ 10 ವರ್ಷದ ಮಕ್ಕಳನ್ನು ಹೋಲಿಸಿದರು. ಫ್ರೆಂಚ್, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ಮಕ್ಕಳು ಹಿಂದುಳಿಯುವ ಮಾತಿರಲಿ, ಮುಂದೆಯೇ ಇದ್ದರು.

ನಮಗೆ ಹತ್ತಿರದ ಸಾಕ್ಷ್ಯ ಹೈದರಾಬಾದಿನದು. ಅಲ್ಲಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿತನದ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು. ಆದರೂ ಇದನ್ನು ಔಷಧಿಯ ಜಾಹೀರಾತಿನಂತೆ ಓದಬಾರದು. ಎಲ್ಲ ಅಧ್ಯಯನಗಳೂ ಇದೇ ಉತ್ತರ ಕೊಟ್ಟಿಲ್ಲ, ವಿದ್ವಾಂಸರಲ್ಲಿ ವಾದವಿದೆ. ಎರಡು ಭಾಷೆಯ ಎಳೆಯ ಮಗುವಿಗೆ ಒಂದೊಂದರಲ್ಲೂ ಕೆಲವು ಪದ ಕಡಿಮೆ ಇರಬಹುದು, ಎರಡನ್ನೂ ಕೂಡಿಸಿದರೆ ಕೊರತೆ ಉಳಿಯುವುದಿಲ್ಲ. ಮನೆಮಾತು ಮಗುವಿನ ಬುದ್ಧಿಯನ್ನು ಕೆಡಿಸುವುದಿಲ್ಲ ಎಂಬುದಂತೂ ಗಟ್ಟಿ.

ಇಂಗ್ಲಿಷ್ ಬೇಡವೆಂದಲ್ಲ. ಬೇಕು, ಚೆನ್ನಾಗಿಯೇ ಬೇಕು. ಆದರೆ ಅದಕ್ಕೆ ಇನ್ನೊಂದನ್ನು ಬಲಿಕೊಡಬೇಕಿಲ್ಲ. ಒದ್ದೆ ಬಟ್ಟೆ ಗಾಳಿಗೆ ಏಕೆ ಬೇಗ ಒಣಗುತ್ತದೆ ಎಂದು ಅಜ್ಜಿಯೊಡನೆ ಮಾತಾಡಿ ತಿಳಿದ ಮಗು, ಶಾಲೆಯಲ್ಲಿ ‘ಇವಾಪೊರೇಷನ್’ ಎಂಬ ಹೆಸರನ್ನಷ್ಟೇ ಕಲಿತರೆ ಸಾಕು. ಸಂಗತಿಯನ್ನು ಮತ್ತೆ ಕಲಿಯಬೇಕಿಲ್ಲ. ಇಂಗ್ಲಿಷಿನಲ್ಲಿ ತಡವರಿಸುವ ತಾಯಿ ಮಗುವಿನೊಡನೆ ಅದರಲ್ಲೇ ಮಾತಾಡಲು ಹೊರಟರೆ ಆಗುವುದೇನು? ‘ಕಮ್, ಈಟ್, ಸ್ಲೀಪ್’ ಎಂಬಷ್ಟಕ್ಕೆ ಮಾತು ಮುಗಿಯುತ್ತದೆ. ಕಥೆ, ಗದರಿಕೆ, ತಮಾಷೆ, ವಾದ ಎಲ್ಲ ಮನೆಯಿಂದ ಹೊರಬೀಳುತ್ತವೆ. ವಲಸೆ ಕುಟುಂಬಗಳಲ್ಲಿ ಸಾಮಾನ್ಯವಾಗಿ ಮೂರನೆಯ ತಲೆಮಾರಿಗೆ ಮೂಲ ಭಾಷೆ ನಿಂತುಹೋಗುತ್ತದೆ ಎಂಬುದು ಅಮೆರಿಕದಲ್ಲಿ ಕಂಡ ಸಂಗತಿ. ಮೊಬೈಲಿನ ಪರದೆಯಲ್ಲಿ ಮೊಮ್ಮಗನ ಮುಖ ನೋಡಿ, ‘ಊಟ ಆಯ್ತಾ’ ಎಂದ ಮೇಲೆ ಮುಂದೆ ಮಾತು ತೋಚದೆ ಕೂರುವ ಅಜ್ಜಂದಿರು ನಮ್ಮ ಊರುಗಳಲ್ಲೇ ಇದ್ದಾರೆ.

ಇದೇ ಅಳತೆಗೋಲನ್ನು ನಾವು ಕನ್ನಡ ಶಿಕ್ಷಕರೂ ಹಿಡಿಯಬೇಕು. ತಾಂಡಾದ ಮಗುವಿಗೆ ‘ಲಂಬಾಣಿ ಬಿಡು, ಮನೆಯಲ್ಲೂ ಕನ್ನಡ ಮಾತಾಡು’ ಎನ್ನುವುದು ಅಲ್ಲಿಯವರು ನಮ್ಮ ಮಕ್ಕಳಿಗೆ ಹೇಳುವ ಮಾತಿನ ಇನ್ನೊಂದು ರೂಪ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ಸುಮಾರು 4 ಕೋಟಿ 37 ಲಕ್ಷ. ಕನ್ನಡಕ್ಕೆ ಶಾಲೆ, ಪತ್ರಿಕೆ, ಸರ್ಕಾರ ಇವೆ. ಲಂಬಾಣಿಗೆ ಬಹುಕಾಲದಿಂದ ಆಸರೆಯಾಗಿರುವುದು ಮನೆ ಮತ್ತು ಹಾಡು. ಅಲ್ಲಿ ನಿಂತರೆ ಅದನ್ನು ಕಲಿಸಲು ಬೇರೆ ಶಾಲೆಯಿಲ್ಲ.

ಕಲಿಕೆಯ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದು ಎಂದು ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ಹಕ್ಕಿನೊಡನೆ ಹೊಣೆಯೂ ಪಾಲಕರ ಮನೆಗೇ ಬಂದಿದೆ. ಶಾಲೆ ಯಾವ ಮಾಧ್ಯಮದ್ದೇ ಇರಲಿ, ಮನೆಯ ಊಟದ ಹೊತ್ತು ಮನೆಮಾತಿನದಾಗಲಿ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಬೈಯದೆ ನೀವು ನಿಮ್ಮ ಭಾಷೆಯಲ್ಲೇ ಮುಂದುವರಿಸಿ. ತಪ್ಪಾಡಿದರೆ ನಗಬೇಡಿ. ರಜೆಗೆ ಬಂದಾಗ ಅಜ್ಜ ಅಜ್ಜಿಯರ ಹತ್ತಿರ ಒಂದು ತಿಂಗಳು ಬಿಟ್ಟು ಹೋಗಿ. ಇದಕ್ಕೆ ಫೀಸೂ ಇಲ್ಲ, ಪಠ್ಯಪುಸ್ತಕವೂ ಬೇಕಿಲ್ಲ.