ಮಳೆಗಾಲದಲ್ಲೂ ಸೈಕಲ್ ನಿಲ್ಲಬೇಕಿಲ್ಲ

ಮಡಿಕೇರಿಯಂಥ ಊರಿನಲ್ಲಿ ಸೈಕಲ್ ತುಳಿಯಲು ಆಗುವುದಿಲ್ಲ ಎನ್ನುವವರೇ ಹೆಚ್ಚು. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಬರುವ ದಾರಿಗಳಲ್ಲಿ ಹೆಚ್ಚಿನವು ಏರು. ಜೂನ್ ಬಂದರೆ ಬಿಡದ ಮಳೆ. ಇದೆಲ್ಲ ನಿಜ. ಆದರೂ ಮೇಕೇರಿ ಕಡೆಯಿಂದ ಎರಡನೇ ವರ್ಷವೂ ಸೈಕಲ್‌ನಲ್ಲೇ ಬರುತ್ತಿರುವ ನನ್ನ ಅಭಿಪ್ರಾಯ ಬೇರೆ. ತಕ್ಕ ತಯಾರಿ ಇದ್ದರೆ ನಮ್ಮಲ್ಲಿ ಇನ್ನೂ ಹಲವರು ಸೈಕಲ್‌ನಲ್ಲಿ ಬರಬಹುದು. ಕಾಲೇಜು ಅದಕ್ಕೆ ಸ್ವಲ್ಪ ಕೈಜೋಡಿಸಬೇಕು.

ಈಗ ಬಸ್ ತಪ್ಪಿದವರು ಏನು ಮಾಡುತ್ತಾರೆ? ಉಪ್ಪನ ಸ್ಕೂಟರ್ ತೆಗೆಯುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. 16 ವರ್ಷಕ್ಕೆ ಸಿಗುವ ಲೈಸೆನ್ಸ್ 50 ಸಿ.ಸಿ.ವರೆಗಿನ ಗೇರ್‌ರಹಿತ ಗಾಡಿಗೆ ಮಾತ್ರ. ಮನೆಯಲ್ಲಿರುವ ಸ್ಕೂಟರ್‌ಗಳು 100 ಸಿ.ಸಿ. ದಾಟಿದವು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ನಮ್ಮ ಆತುರಕ್ಕೆ ಉಪ್ಪ ಯಾಕೆ ಕೋರ್ಟಿಗೆ ಅಲೆಯಬೇಕು? ಸೈಕಲ್‌ಗೆ ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ.

ಕಲಿಯಬೇಕಾದದ್ದು ಹವಾಮಾನ. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಮಿಂಚು, ಅಕ್ಟೋಬರ್‌ನಲ್ಲೂ ಹಾಗೆಯೇ. ಮಿಂಚು ಕಂಡರೆ ಸೈಕಲ್ ಬಿಟ್ಟು ಕಟ್ಟಡದೊಳಗೆ ಸೇರಬೇಕು, ಮರದಡಿ ನಿಲ್ಲಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಗುಡುಗು ಕಡಿಮೆ. ಆಗಿನ ಕಷ್ಟ ಗಾಳಿ, ಮಂಜು, ಜಾರುವ ರಸ್ತೆ. ಅಭ್ಯಾಸಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಆಗ ಶುರು ಮಾಡಿದವರ ಕಾಲು ಮಳೆಗಾಲಕ್ಕೆ ಗಟ್ಟಿಯಾಗಿರುತ್ತದೆ. ಏರಿನಲ್ಲಿ ಪಕ್ಕದವರೊಂದಿಗೆ ಮಾತಾಡಲು ಆಗುವಷ್ಟು ನಿಧಾನ ತುಳಿದರೆ ಸಾಕು. ಗೇರ್ ಇಲ್ಲದ ಸೈಕಲ್ ಆದರೆ ಇಳಿದು ತಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಅಪಾಯ ಇರುವುದು ಇಳಿಜಾರಿನಲ್ಲಿ. ಚಕ್ರದ ರಿಮ್ ಒದ್ದೆಯಾದಾಗ ಬ್ರೇಕ್ ತಕ್ಷಣ ಹಿಡಿಯುವುದಿಲ್ಲ. ಮೊದಲು ನೀರು ಒರೆಸಿ ಹೋಗಬೇಕು. ಆದ್ದರಿಂದ ತಿರುವಿಗೆ ಬಹಳ ಮೊದಲೇ ಎರಡೂ ಬ್ರೇಕ್‌ಗಳನ್ನು ಮೆಲ್ಲಗೆ ಒತ್ತಬೇಕು. ಫಿಸಿಕ್ಸ್ ತರಗತಿಯ ಸೂತ್ರವೂ ಇದನ್ನೇ ಹೇಳುತ್ತದೆ: ವೇಗ ಎರಡರಷ್ಟಾದರೆ ಅಷ್ಟೇ ಬ್ರೇಕಿಗೆ ನಿಲ್ಲುವ ದೂರ ನಾಲ್ಕರಷ್ಟು. ರಸ್ತೆಯ ಬಿಳಿ ಪಟ್ಟಿ, ಒದ್ದೆ ಎಲೆ, ಅಂಚಿನ ಪಾಚಿ ಮೂರೂ ಜಾರುತ್ತವೆ. ಏರುವಾಗ ಬೆವರುತ್ತದೆ, ಇಳಿಯುವಾಗ ಅದೇ ಬೆವರು ಚಳಿ ಹಿಡಿಸುತ್ತದೆ. ಜರ್ಕಿನ್ ಜಿಪ್ ಇಳಿಯುವ ಮೊದಲೇ ಹಾಕಿಕೊಳ್ಳಿ. ಗಾಳಿಗೆ ಹಾರುವ ಪ್ಲಾಸ್ಟಿಕ್ ಕೊಪ್ಪೆಯೂ ಕೈಯಲ್ಲಿ ಕೊಡೆಯೂ ಬೇಡ. ಮಂಜಿಗೆ ಹಿಂದೆ ಕೆಂಪು ಲೈಟ್ ಇರಲೇಬೇಕು.

ಹುಡುಗಿಯರಿಗೆ ಸೈಕಲ್ ಯಾಕೆ ಎಂದು ನನ್ನನ್ನು ಕೇಳಿದವರಿದ್ದಾರೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಮುಸ್ಲಿಂ ಮಹಿಳೆಯರೂ ಇದ್ದರು. ಬುರ್ಖಾದ ಅಂಚು ಸಿಕ್ಕಿಕೊಳ್ಳದಂತೆ ಪೂರ್ತಿ ಚೈನ್ ಕವರ್, ಹಿಂದಿನ ಚಕ್ರಕ್ಕೆ ಬಲೆ ಹಾಕಿಸಿದರೆ ಆಯಿತು. ಮರ್ಯಾದೆಗೂ ಸೈಕಲ್‌ಗೂ ಜಗಳ ಇಲ್ಲ.

ಹಾಗೆಂದು ಹಟ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಕುಸಿದದ್ದನ್ನು ನಾವು ಮರೆತಿಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಸೈಕಲ್ ಮನೆಯಲ್ಲೇ ಇರಲಿ. ಒಂಟೆಯನ್ನು ಕಟ್ಟಿಯೇ ತವಕ್ಕುಲ್ ಮಾಡಬೇಕು ಎಂಬ ಪ್ರವಾದಿಯವರ (ಸ) ಬೋಧನೆ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ಬ್ರೇಕ್ ನೋಡದೆ ಬಿಸ್ಮಿಲ್ಲಾ ಹೇಳಿ ಇಳಿಜಾರಿಗೆ ಬಿಡುವುದು ತವಕ್ಕುಲ್ ಆಗುವುದಿಲ್ಲ.

ಆಡಳಿತ ಮಂಡಳಿಯ ಹಿರಿಯರಲ್ಲಿ, ಪ್ರಾಂಶುಪಾಲರಲ್ಲಿ ಮೂರು ವಿನಂತಿ. ಗೇಟಿನ ಬಳಿ ಶೀಟು ಹೊದಿಸಿದ ಸೈಕಲ್ ಸ್ಟ್ಯಾಂಡ್ ಬೇಕು. ಒದ್ದೆ ಬಟ್ಟೆ ಬದಲಿಸಲು ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆ ಜಾಗ, ನೇತುಹಾಕಲು ನಾಲ್ಕು ಮೊಳೆ ಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ದಟ್ಟ ಮಂಜಿನ ಬೆಳಗ್ಗೆ ಮೊದಲ ಪೀರಿಯಡ್‌ಗೆ 10 ನಿಮಿಷ ತಡವಾದರೂ ಹಾಜರಿ ಕೊಡಿ. ಶೇ. 75 ಹಾಜರಿ ತಪ್ಪುವ ಭಯ ಇರುವವರು ತಿರುವಿನಲ್ಲಿ ಬ್ರೇಕ್ ಒತ್ತಲು ಹಿಂಜರಿಯುತ್ತಾರೆ. ಈ 10 ನಿಮಿಷಕ್ಕೆ ಕಾಲೇಜು ಒಂದು ರೂಪಾಯಿಯೂ ಖರ್ಚು ಮಾಡಬೇಕಿಲ್ಲ. ಅದು ಒಂದು ಜೀವ ಉಳಿಸಬಹುದು, ಇನ್‌ಶಾ ಅಲ್ಲಾಹ್.