ಇಲ್ಲದ ಊರಿನ ಹಿತ್ತಲು

ನಮ್ಮ ಪತ್ರಿಕೆಯ ಮುಖಪುಟಕ್ಕೆಂದು ಬರುವ ಚಿತ್ರಗಳಲ್ಲಿ ಈಚೆಗೆ ಕಲ್ಪಿತ ನಗರಗಳದ್ದೇ ಮೇಲುಗೈ. ಮೋಡ ಸೀಳಿ ನಿಂತ ಗೋಪುರಗಳು, ತೇಲುವ ಬಂಡೆಯ ಮೇಲೊಂದು ಕೋಟೆ, ಆಕಾಶದಲ್ಲಿ ಎರಡು ಚಂದ್ರ. ಕೈಯಾರೆ ಬರೆದವೂ ಇವೆ, ಕಂಪ್ಯೂಟರಿಗೆ ನಾಲ್ಕು ಸಾಲು ಹೇಳಿ ಬರೆಸಿದವೂ ಇವೆ. ನೋಡಿದ ಕೂಡಲೇ ಹಲವು ಹಿಡಿಸುತ್ತವೆ. ಇನ್ನೊಮ್ಮೆ ನೋಡಿದರೆ ಮಾತ್ರ ಆ ಊರಿನಲ್ಲಿ ಯಾರೂ ವಾಸವಿಲ್ಲ ಎಂದು ಗೊತ್ತಾಗಿಬಿಡುತ್ತದೆ. ಸೇತುವೆ ಇರುತ್ತದೆ, ಅದಕ್ಕೆ ಹತ್ತುವ ದಾರಿ ಇರುವುದಿಲ್ಲ. ಸಾಲುಸಾಲು ಕಿಟಕಿಗಳಿರುತ್ತವೆ, ಒಂದಾದರೂ ಬಚ್ಚಲ ಮೋರಿ ಇರುವುದಿಲ್ಲ. ಅಷ್ಟೆತ್ತರಕ್ಕೆ ಕಲ್ಲು ಹೊತ್ತವರು ಯಾರು, ಮಧ್ಯಾಹ್ನ ಅವರು ಎಲ್ಲಿ ಕೂತು ಉಂಡರು ಎಂದರೆ ಚಿತ್ರ ಬಾಯಿ ಬಿಡುವುದಿಲ್ಲ.

ಕಲ್ಪನೆಯನ್ನು ಹೀಗೆ ಲೆಕ್ಕ ಕೇಳಬಾರದು ಎನ್ನುವವರಿದ್ದಾರೆ. ಕೇಳಲೇಬೇಕು ಎನ್ನುವ ಪಕ್ಷ ನನ್ನದು.

ಉದಾಹರಣೆಗೆ, ಚಿತ್ರಕಾರ ಪೀಟರ್ ಬ್ರೂಗಲ್ 1563ರಲ್ಲಿ ಬರೆದ ಬೇಬೆಲ್ ಗೋಪುರದ ಚಿತ್ರ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ಆಕಾಶ ಮುಟ್ಟಲೆಂದು ಜನ ಕಟ್ಟಹೊರಟ, ದೇವರು ಅವರ ಭಾಷೆಗಳನ್ನು ಕಲಸಿ ತಡೆದ ಈ ಗೋಪುರದ ಕಥೆ ಬೈಬಲ್ಲಿನಲ್ಲಿ ಕೆಲವೇ ಸಾಲುಗಳದ್ದು. ಅದರ ಆಕಾರ ಹೇಗಿತ್ತೆಂದು ಅಲ್ಲಿ ಹೇಳಿಲ್ಲ. ಬ್ರೂಗಲ್ ಈ ಚಿತ್ರಕ್ಕೆ ಸುಮಾರು ಹತ್ತು ವರ್ಷ ಮೊದಲು ಇಟಲಿ ಸುತ್ತಿ ಬಂದಿದ್ದ. ರೋಮಿನ ಕೊಲೋಸಿಯಮ್ಮಿನ ಕಮಾನಿನ ಸಾಲುಗಳನ್ನೇ ಸುರುಳಿಯಾಗಿ ಸುತ್ತಿ, ನಡುವೆ ಒಂದು ನಿಜವಾದ ಬಂಡೆಗುಡ್ಡವನ್ನಿಟ್ಟು, ಮೋಡದವರೆಗೆ ಏರಿಸಿದ. ಇಷ್ಟಕ್ಕೇ ನಿಲ್ಲಿಸಿದ್ದರೆ ಅದೂ ಒಂದು ಭರ್ಜರಿ ಕಟ್ಟಡವಷ್ಟೇ ಆಗುತ್ತಿತ್ತು. ಚಿತ್ರದ ಹತ್ತಿರ ಹೋಗಿ ನೋಡಬೇಕು. ಬಲಗಡೆ ಬಂದರಿದೆ, ಹಡಗುಗಳು ನಿಂತಿವೆ. ಗೋಪುರದ ಅಂಚಿನಲ್ಲಿ ಭಾರ ಎತ್ತುವ ದೊಡ್ಡ ರಾಟೆ, ಆ ರಾಟೆಯ ಗಾಲಿಯೊಳಗೆ ನಡೆಯುತ್ತ ಅದನ್ನು ತಿರುಗಿಸುವ ಆಳುಗಳು. ಸುರುಳಿ ದಾರಿಯ ಮೇಲೆ ಅಲ್ಲಲ್ಲಿ ಕೆಲಸದವರ ಗುಡಿಸಲು. ಕೆಳಗೆ ರಾಜ ಬಂದಿದ್ದಾನೆ, ಕಲ್ಲುಕುಟಿಗರು ಮಂಡಿಯೂರಿದ್ದಾರೆ. ರಾಟರ್‌ಡ್ಯಾಮಿನಲ್ಲಿರುವ, ಇದಕ್ಕಿಂತ ಚಿಕ್ಕದಾದ ಇನ್ನೊಂದು ಬೇಬೆಲ್ ಚಿತ್ರದಲ್ಲಿ ಗೋಡೆಯುದ್ದಕ್ಕೂ ಒಂದು ಕೆಂಪು ಪಟ್ಟಿ, ಒಂದು ಬಿಳಿ ಪಟ್ಟಿ ಕಾಣುತ್ತವೆ. ಇಟ್ಟಿಗೆಯನ್ನೂ ಸುಣ್ಣವನ್ನೂ ಮೇಲಕ್ಕೆಳೆಯುವಾಗ ಉದುರಿದ ಪುಡಿಯ ಕಲೆ ಅದು!

ವಿಯೆನ್ನಾದ ಚಿತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸುರುಳಿ ದಾರಿ ಏರುಮುಖವಾಗಿದ್ದರೂ ಬ್ರೂಗಲ್ ಅದರ ಕಮಾನುಗಳನ್ನು ಆ ಇಳಿಜಾರಿಗೇ ಲಂಬವಾಗಿ ನಿಲ್ಲಿಸಿದ್ದಾನೆ. ಹಾಗಾಗಿ ಇಡೀ ಗೋಪುರ ಒಂದು ಕಡೆಗೆ ವಾಲಿದೆ. ಕೆಳಗಿನ ಅಂತಸ್ತು ಇನ್ನೂ ಮುಗಿದಿಲ್ಲ, ಮೇಲೆ ಕಟ್ಟುತ್ತಲೇ ಇದ್ದಾರೆ. ದೇವರು ಭಾಷೆಗಳನ್ನು ಕಲಸುಮೇಲೋಗರ ಮಾಡುವವರೆಗೆ ಕಾಯಬೇಕಾಗಿಯೇ ಇಲ್ಲ, ಗಾರೆ ಕೆಲಸ ಬಲ್ಲ ಯಾರಾದರೂ ನೋಡಿದ ತಕ್ಷಣ ಇದು ನಿಲ್ಲುವುದಿಲ್ಲ ಎಂದುಬಿಡುತ್ತಾರೆ.

ಹೀಗೆ ಲೆಕ್ಕ ಕೊಡಬೇಕೆಂಬ ನಿಯಮ ಮುರಿದವರೂ ಇದ್ದಾರೆ. ಹದಿನೆಂಟನೆಯ ಶತಮಾನದ ಕಲಾವಿದ ಪಿರಾನೇಸಿ ತನ್ನ ಸೆರೆಮನೆ ಚಿತ್ರಗಳಲ್ಲಿ ಎಲ್ಲಿಗೂ ತಲುಪದ ಮೆಟ್ಟಿಲುಗಳನ್ನು, ಒಂದಕ್ಕೊಂದು ಹೊಂದದ ಕಮಾನುಗಳನ್ನು ಕೊರೆದ. ಆದರೆ ಆತ ವಾಸ್ತುಶಿಲ್ಪ ಕಲಿತವನು, ರೋಮಿನ ಹಾಳುಗಳ ಮೂಲೆಮೂಲೆ ಅಳೆದವನು. ಅವನ ಮೆಟ್ಟಿಲು ದಾರಿ ತಪ್ಪಿಸುವುದು ಬೇಕೆಂದೇ. ನಮಗೆ ಬರುವ ಚಿತ್ರಗಳ ಮೆಟ್ಟಿಲುಗಳ ಬಗ್ಗೆ ಹಾಗೆ ಹೇಳಲಾರೆ.

ಹಿನ್ನೆಲೆಗೆ ಇಷ್ಟೆಲ್ಲ ಯಾಕೆ, ಕಂಪನಿ ನಾಟಕದ ಅರಮನೆ ಪರದೆ ದುರ್ಯೋಧನನಿಗೂ ಹರಿಶ್ಚಂದ್ರನಿಗೂ ನಡೆಯುತ್ತಿರಲಿಲ್ಲವೇ ಎಂದು ಹಿರಿಯರು ಕೇಳಬಹುದು. ನಡೆಯುತ್ತಿತ್ತು. ಮುಂದೆ ನಿಂತ ನಟ ಒಂದು ಕಂದ ಹಾಡಿ ಹಸ್ತಿನಾವತಿಯನ್ನು ತಂದು ನಿಲ್ಲಿಸುತ್ತಿದ್ದ, ಪರದೆ ಸುಮ್ಮನೆ ತೂಗಿಕೊಂಡಿದ್ದರೆ ಸಾಕಿತ್ತು. ಪುಟದ ಮೇಲಿನ ಚಿತ್ರಕ್ಕೆ ಹಾಡುವವರಿಲ್ಲ.

ಊರಿನ ಹಿತ್ತಲನ್ನೂ ಕಟ್ಟಿದ ಈಚಿನ ಉದಾಹರಣೆ ಬೇಕೆಂದರೆ, ಜಪಾನಿನ ನಿರ್ದೇಶಕ ಹಯಾವೊ ಮಿಯಾಜಾಕಿಯ 2001ರ ಸಿನಿಮಾ 'ಸ್ಪಿರಿಟೆಡ್ ಅವೇ'ಯಲ್ಲಿ ದೇವತೆಗಳು ಮೀಯಲು ಬರುವ ಒಂದು ಬೃಹತ್ ಸ್ನಾನದ ಮನೆ ಇದೆ. ಕೆಂಪು ಸೇತುವೆ, ದೀಪಗಳು, ಅಂತಸ್ತಿನ ಮೇಲೆ ಅಂತಸ್ತು. ಬೇರೆಯವರಾಗಿದ್ದರೆ ಕಥಾನಾಯಕಿಯನ್ನು ಮುಂಬಾಗಿಲಿನಿಂದಲೇ ಒಳಗೆ ಕರೆದೊಯ್ಯುತ್ತಿದ್ದರು. ಮಿಯಾಜಾಕಿ ಆ ಹುಡುಗಿಯನ್ನು ಹಿಂಬದಿಯ ಕಡಿದಾದ ಮೆಟ್ಟಿಲಿಳಿಸಿ ಬಾಯ್ಲರ್ ಕೋಣೆಗೆ ಒಯ್ಯುತ್ತಾನೆ. ಅಲ್ಲಿ ಆರು ಕೈಗಳ ಮುದುಕನೊಬ್ಬ ನೀರು ಕಾಯಿಸುತ್ತಿದ್ದಾನೆ, ಮಸಿಯ ಪುಟ್ಟ ಜೀವಿಗಳು ಕಲ್ಲಿದ್ದಲು ಹೊರುತ್ತಿವೆ, ಗೋಡೆ ತುಂಬ ಗಿಡಮೂಲಿಕೆಯ ಸಣ್ಣ ಸಣ್ಣ ಖಾನೆಗಳು. ಮೇಲಿಂದ ಮರದ ಚೀಟಿ ಇಳಿದರೆ ಇಂಥ ಸ್ನಾನಕ್ಕೆ ಇಂಥ ಮದ್ದು ಎಂದರ್ಥ. ಆಮೇಲೆ ಕೆಲಸದ ಹೆಂಗಸರು ಒತ್ತೊತ್ತಾಗಿ ಮಲಗುವ ಕೋಣೆಯನ್ನೂ ಕಾಣುತ್ತೇವೆ. ಆ ಖಾನೆಗಳು ಗಾಳಿಯಿಂದ ಬಂದವಲ್ಲ. ಟೋಕಿಯೊದ ಕೊಗನೇಯಲ್ಲಿ ಹಳೆಯ ಕಟ್ಟಡಗಳನ್ನು ತಂದು ನಿಲ್ಲಿಸಿದ ಬಯಲು ಮ್ಯೂಸಿಯಮ್ ಇದೆ. ಅಲ್ಲಿನ ಒಂದು ಹಳೆಯ ಕಾಗದ-ಕುಂಚದ ಅಂಗಡಿಯ ಗೋಡೆಯೇ ಅದಕ್ಕೆ ಮಾದರಿ.

ನಮ್ಮಲ್ಲಿ ನೋಡಲು ಏನಿದೆ ಎಂದು ಕೇಳುವವರು ವಿಜಯಪುರಕ್ಕೆ ಹೋಗಲಿ. ಗೋಳಗುಮ್ಮಟದ ಚಿತ್ರ ಎಲ್ಲರೂ ಬರೆಯುತ್ತಾರೆ, ನಾನು ಹೇಳುತ್ತಿರುವುದು ಅದಲ್ಲ. ಊರೊಳಗೆ ಅಲ್ಲಲ್ಲಿ ಒಂಟಿಯಾಗಿ ನಿಂತ ಚೌಕಾಕಾರದ ಕಲ್ಲಿನ ಗೋಪುರಗಳಿವೆ, ಗಂಜ್ ಎನ್ನುತ್ತಾರೆ. ತಿಳಿಯದವರು ಕಾವಲು ಗೋಪುರ ಎಂದುಕೊಳ್ಳುತ್ತಾರೆ. ಆದಿಲ್‌ಶಾಹಿಗಳ ಕಾಲದಲ್ಲಿ ಊರ ಹೊರಗಿನ ತೊರವಿಯಿಂದ, ಬೇಗಂ ತಲಾಬ್ ಕೆರೆಯಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಆ ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದು, ಕೆಸರು ತಳದಲ್ಲಿ ನಿಲ್ಲಬೇಕು, ಅದಕ್ಕೆ ಈ ಗೋಪುರಗಳು. ಎರಡು ಚಂದ್ರರ ಕೆಳಗೆ ಇಂಥ ನಾಲ್ಕು ಗೋಪುರಗಳನ್ನು ನಿಲ್ಲಿಸಿ, ಒಂದರ ಬುಡದಲ್ಲಿ ಕೊಡ ಹಿಡಿದು ಜಗಳವಾಡುವ ಇಬ್ಬರನ್ನು ಬರೆದರೆ ಆ ಊರಿಗೆ ಬಾಡಿಗೆ ಮನೆ ಕೇಳಿಕೊಂಡು ಹೋಗಬಹುದು.

ಇನ್ನು ಮುಂದೆ ಮುಖಪುಟಕ್ಕೆ ನಗರದ ಚಿತ್ರ ಕಳಿಸುವವರಲ್ಲಿ ಒಂದು ಕೋರಿಕೆ. ಬಣ್ಣದ ಚಿತ್ರದ ಜೊತೆಗೆ ಅದೇ ಊರಿನ ಹಿತ್ತಲ ಕಡೆಯದೊಂದು ಪೆನ್ಸಿಲ್ ಗೀಟು ಇರಲಿ. ಅಚ್ಚು ಹಾಕುವುದಿಲ್ಲ. ಆಯ್ಕೆ ಮಾತ್ರ ಅದನ್ನು ನೋಡಿಯೇ.